ಒಂದೇ ಸುತ್ತಿನ ಹೊಲಿಗೆ

ಬೆಳ್ಳಮ್ಮನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಹುಣ್ಣಾಗಿತ್ತು. ಬಟ್ಟೆಗೆ ರಕ್ತ ತಾಗಬಾರದೆಂದು ಅದಕ್ಕೆ ಚಿಂದಿ ಸುತ್ತಿಕೊಂಡು ಬರುತ್ತಿದ್ದಳು. ಹುಣ್ಣು ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕಲೆ ಆಗಿದೆಯಾ ಎಂದು ಮಾತ್ರ ಯಜಮಾನರು ದಿನಾ ಕೇಳುತ್ತಿದ್ದರು.

ಯುದ್ಧ ನಡೆಯುತ್ತಿದ್ದ ಕಾಲ. ಮಳವಳ್ಳಿಯ ಪೇಟೆ ಬೀದಿಯಲ್ಲಿ ನಮ್ಮ ಯಜಮಾನರು ರಾಮಲಿಂಗಯ್ಯನವರು ನಾಲ್ಕು ಕಸೂತಿ ಮಿಷನ್ನು ಹಾಕಿದ್ದರು. ಒಳಗೆ ಮಿಷನ್ನು ತುಳಿಯುವವರು ನಾವು ನಾಲ್ವರು. ನಾನು ಚಿಕ್ಕನಂಜಮ್ಮ, ನನ್ನ ಪಕ್ಕ ಪಟ್ಟಲಮ್ಮ, ಆಚೆಗೆ ಇನ್ನಿಬ್ಬರು. ಹೊರಗೆ ಜಗಲಿಯ ಮೇಲೆ ಬೆಳ್ಳಮ್ಮ. ಸಾಹೇಬರುಗಳು ಊಟದ ಮೇಜಿಗೆ ಹಾಸುವ ಬಟ್ಟೆ ನಮ್ಮ ಕೆಲಸ. ನಾವು ಹೂವಿನ ಎಸಳಿನ ಸುತ್ತ ದಾರ ಓಡಿಸಬೇಕು, ಅವಳು ಎಸಳಿನೊಳಗಿನ ಬಟ್ಟೆ ಕತ್ತರಿಸಿ ತೆಗೆಯಬೇಕು. ಆಗ ಹೂವಿನಾಕಾರದ ಕಿಂಡಿ ಬೀಳುತ್ತದೆ. ಕಟ್‌ವರ್ಕ್ ಎನ್ನುತ್ತಾರೆ. ಕೂದಲೆಳೆಯಷ್ಟು ಆಚೀಚೆಯಾದರೂ ಹೊಲಿಗೆ ತುಂಡಾಗುತ್ತದೆ. ಬೆಳ್ಳಮ್ಮನ ಕತ್ತರಿ ಒಂದು ದಿನವೂ ಹೊಲಿಗೆ ಮುಟ್ಟಿದ್ದಿಲ್ಲ.

ಅವಳು ಹೊಲಗೇರಿಯವಳು. ಹೊಸಲು ದಾಟುವಂತಿರಲಿಲ್ಲ. ನಾವು ಒಳಗಿಂದ ಬಟ್ಟೆ ಎಸೆಯುತ್ತಿದ್ದೆವು, ಅವಳು ಹಿಡಿಯುತ್ತಿದ್ದಳು. ಅವಳು ಮುಟ್ಟಿದ್ದು ಅಗಸರ ಬಾನಿಯಲ್ಲಿ ಬೆಂದು ಶುದ್ಧವಾಗುತ್ತದೆ ಎಂಬುದು ಯಜಮಾನರು ತಮಗೆ ಬೇಕಾದ ಹಾಗೆ ಮಾಡಿಕೊಂಡ ಶಾಸ್ತ್ರ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು ನನ್ನನ್ನು ಅವ್ವಾ ಎನ್ನುತ್ತಿದ್ದಳು. ನಾನು ಲೇ ಬೆಳ್ಳಿ ಎನ್ನುತ್ತಿದ್ದೆ. ಅದರಲ್ಲಿ ತಪ್ಪೇನಿದೆ ಎಂದು ಆಗ ಅನ್ನಿಸಿಯೇ ಇರಲಿಲ್ಲ.

ಶಿವನಸಮುದ್ರದ ಬಂಗಲೆಯಿಂದ ದೊಡ್ಡ ಮೇಜುಬಟ್ಟೆಗೆ ಆರ್ಡರು ಬಂತು. ಎಸಳಿನ ಅಂಚಿಗೆ ದಟ್ಟವಾಗಿ ದಾರ ತುಂಬುವ ಮೊದಲು ಅಡಿಯಲ್ಲಿ ಎರಡು ಸುತ್ತು ಹೊಲಿಗೆ ಹಾಕಬೇಕು. ಮೇಲಕ್ಕೆ ಅದು ಕಾಣುವುದಿಲ್ಲ, ಆದರೆ ಅಂಚು ನಿಲ್ಲುವುದೇ ಅದರ ಮೇಲೆ. ಸಂಜೆಯೊಳಗೆ ಮುಗಿಸುವ ಅವಸರದಲ್ಲಿ ಕೊನೆಯ ಮೂಲೆಯ ಹೂವಿಗೆ ನಾನು ಒಂದೇ ಸುತ್ತು ಹಾಕಿದೆ.

ಬೆಳ್ಳಮ್ಮ ಬೆರಳಾಡಿಸಿದ್ದೇ ಕಂಡುಹಿಡಿದಳು.

“ಅವ್ವಾ, ಈ ಊವಿನ ಅಂಚು ತೆಳ್ಳಗದೆ. ಒಂದೇ ಸುತ್ತು ಆಕಿದ್ದೀರಿ ಅಂತ ಕಾಣ್ತದೆ. ಕತ್ರಿಸುದ್ರೆ ನಿಲ್ಲಕಿಲ್ಲ.”

“ಕತ್ರಿಸೇ ಲೇ ಬೆಳ್ಳಿ. ನಂಗೇ ಯೋಳ್ಕೊಡೋಕ್ ಬತ್ತೀಯಾ?” ಎಂದೆ.

ಅವಳು ಕತ್ತರಿಸಿದಳು.

ಹದಿನೈದು ದಿನಕ್ಕೆ ಬಟ್ಟೆ ವಾಪಸು ಬಂತು. ಬಂಗಲೆಯಲ್ಲಿ ಒಂದು ಸಲ ಒಗೆದದ್ದಕ್ಕೇ ಮೂಲೆಯ ಹೂವು ಕಿತ್ತುಕೊಂಡು ಮುಷ್ಟಿ ತೂರುವಷ್ಟು ತೂತಾಗಿತ್ತು. ಯಜಮಾನರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಜಗಲಿಗೆ ಎಸೆದರು.

“ಏನಮ್ಮೀ ಇದು? ಕತ್ರಿ ಇಡಿಯೋ ಕೈನೋ, ಕುಡ್ಲು ಇಡಿಯೋ ಕೈನೋ? ನಿಮ್ ಕೇರಿ ಕೈ ತಾಗುಸ್ದೆ ನೋಡು, ನಂಗೇ ಬೇಕಿತ್ತು. ನಾಳೆಯಿಂದ ಬರಬ್ಯಾಡ.”

ಬೆಳ್ಳಮ್ಮ ಬಟ್ಟೆ ಎತ್ತಿಕೊಂಡು ಹರಿದ ಮೂಲೆ ನೋಡಿದಳು. ಆಮೇಲೆ ಬಾಗಿಲಿನಾಚೆಯಿಂದ ನನ್ನನ್ನು ನೋಡಿದಳು. ನನ್ನ ಹೆಸರು ಎತ್ತಲಿಲ್ಲ. ನಾನು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದೆ. ಸೂಜಿಯಲ್ಲಿ ಆಗಲೇ ದಾರ ಇತ್ತು.

ಅವಳ ಗಂಡ ಕೆಂಪಸಿದ್ದಯ್ಯ ಕಬ್ಬಿನ ಗಾಡಿ ಉರುಳಿ ಕಾಲು ಕಳೆದುಕೊಂಡವನು. ಅವಳ ಕತ್ತರಿ ಆಡಿದರೆ ಒಲೆ ಉರಿಯುತ್ತಿತ್ತು. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮೂರು ದಿನ ಸುಮ್ಮನೆ ಮಿಷನ್ನು ತುಳಿದೆ. ನಾಲ್ಕನೆಯ ದಿನ ತಡೆಯಲಾರದೆ ಒಂದು ಸೇರು ರಾಗಿ ಮಡಿಲಲ್ಲಿಟ್ಟುಕೊಂಡು ಕೇರಿಯ ತನಕ ಹೋದೆ. ಅವಳು ಹುಣಸೆಮರದ ಕೆಳಗೆ ಪುಳ್ಳೆ ಆಯುತ್ತಿದ್ದಳು.

“ತಪ್ಪು ನಂದು ಬೆಳ್ಳಮ್ಮ,” ಎಂದೆ.

“ಅದು ನಂಗೂ ಗೊತ್ತು, ನಿಮ್ಗೂ ಗೊತ್ತು. ಇಲ್ಲಿ ಯಾಕ್ ಯೋಳ್ತೀರಿ? ಅಲ್ಲಿ ಯೋಳಿ, ಯಜಮಾನ್ರ ಮುಂದೆ. ರಾಗಿ ತಕ್ಕೊಂಡೋಗಿ.”

ಆ ರಾಗಿಯನ್ನು ಹೊತ್ತುಕೊಂಡು ವಾಪಸು ನಡೆದೆನಲ್ಲ, ಅಷ್ಟು ಭಾರ ನಾನು ಯಾವತ್ತೂ ಹೊತ್ತಿಲ್ಲ.

ಮಾರನೆಯ ದಿನ ಎಲ್ಲರ ಮುಂದೆ ಹೇಳಿಬಿಟ್ಟೆ. ಯಜಮಾನರು ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡರು.

“ಬಟ್ಟೆ ತಿರುಗುಸ್ದಾಗ್ಲೇ ನಂಗೆ ಗೊತ್ತಾಯ್ತು ಕಣಮ್ಮ. ನಿನ್ ಬುಟ್ರೆ ಮಿಷನ್ನು ತುಳಿಯೋರ್ ಯಾರು? ಯಾರ್ನೋ ಒಬ್ರನ್ನ ತಗುದ್ವಿ ಅಂತ ಬಂಗ್ಲೆಯೋರ್ಗೆ ಯೋಳ್ಬೇಕಿತ್ತು, ಯೋಳ್ದೆ. ಕೂತ್ಕೊ ಓಗು.”

ಪಟ್ಟಲಮ್ಮ ತುಳಿಯುತ್ತಿದ್ದ ಕಾಲು ನಿಲ್ಲಿಸಿದಳು. “ಗೊತ್ತಿದ್ದೂ ಓಡುಸುದ್ರಾ? ಅವ್ಳು ಬರೋಗಂಟ ನಾವು ತುಳಿಯಕಿಲ್ಲ.”

ನಾಲ್ಕು ಮಿಷನ್ನೂ ನಿಂತವು. ಯಜಮಾನರು ಬೈದರು, ಹೆದರಿಸಿದರು. ನಾವು ಜಗ್ಗಲಿಲ್ಲ. ಎರಡು ದಿನ ಕೈ ಕಟ್ಟಿ ಕೂತೆವು. ಬೀದಿಯವರು ಬಂದು ಇಣುಕಿದರು. ನನಗೆ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಮೂರನೆಯ ದಿನ ಯಜಮಾನರು ಸೋತು ಬೆಳ್ಳಮ್ಮನಿಗೆ ಹೇಳಿಕಳಿಸಿದರು.

ಅವಳು ಬಂದಳು. ಜಗಲಿ ಹತ್ತದೆ ಕೆಳಗೇ ನಿಂತಳು.

“ಒಳ್ಗೆ ಕೂರಂಗಿದ್ರೆ ಬತ್ತೀನಿ ಯಜಮಾನ್ರೆ. ದಾರ ಓಡೋದ್ನ ಪಕ್ದಲ್ಲೇ ಕೂತು ನೋಡ್ತೀನಿ. ಆಗ ಅವ್ರ ತಪ್ಪು ನನ್ ತಲೆಗೆ ಬರಾಕಿಲ್ಲ. ಜಗಲಿಗಾದ್ರೆ ಬ್ಯಾಡ.”

ಯಜಮಾನರ ಮುಖ ಕೆಂಪಾಯಿತು. ಆಮೇಲೆ ಏನೋ ಹೊಳೆದವರಂತೆ ನಮ್ಮ ಕಡೆ ತಿರುಗಿದರು.

“ನಂದೇನಿಲ್ಲವ್ವ. ಜೊತೇಲಿ ಕೂರೋರು ನೀವು. ಕೂರುಸ್ಕೋತೀರಾ, ಯೋಳಿ.”

ಪಟ್ಟಲಮ್ಮ ಸೀರೆಯ ಸೆರಗನ್ನು ತನ್ನ ಕಡೆ ಎಳೆದುಕೊಂಡಳು. ಇನ್ನಿಬ್ಬರು ಮನೆಯಲ್ಲಿ ಕೇಳಬೇಕು ಎಂದು ಗೊಣಗಿದರು. ನನ್ನ ಮಿಷನ್ನಿನ ಪಕ್ಕ ಒಂದು ಚಾಪೆ ಹಾಸುವಷ್ಟು ಜಾಗವಿತ್ತು. ಬಾ ಎಂದರೆ ಆಗಿತ್ತು. ನನ್ನ ಅತ್ತೆ ನೆನಪಾದಳು, ನೀರು ಸೇದುವ ಬಾವಿ ನೆನಪಾಯಿತು, ಬಾಯಿ ಬರಲಿಲ್ಲ. ಬೆಳ್ಳಮ್ಮ ನನ್ನನ್ನೇ ನೋಡುತ್ತ ಬಹಳ ಹೊತ್ತು ಕಾದಳು.

“ಆಯ್ತು ಬುಡಿ,” ಎಂದಳು. ತಿರುಗಿ ನಡೆದುಹೋದಳು. ಬಿಸಿಲಲ್ಲಿ ಬೀದಿ ಮುಗಿಯುವ ತನಕ ಅವಳು ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ.

ಯಜಮಾನರು ನಕ್ಕರು. “ನೋಡುದ್ರಾ? ನಾನೇನ್ ಬ್ಯಾಡ ಅಂದ್ನಾ?”

ಅವರು ಅಂದಿರಲಿಲ್ಲ.