ಧೂಮಕೇತುವಿನ ದಾರಿ ಹಿಡಿದ ಲೆಕ್ಕದ ಯಂತ್ರ

ನಾನು ಹಿಡಿಕೆ ತಿರುಗಿಸಿ ಲೆಕ್ಕ ಮಾಡುವ ಯಂತ್ರ. ಕಾರ್ಖಾನೆಯಲ್ಲಿ ನನ್ನ ಹಲ್ಲುಚಕ್ರಗಳನ್ನು ಜೋಡಿಸಿದವರು ನೂರು ಗುಣಾಕಾರ ಮಾಡಿಸಿ, ಎಲ್ಲವೂ ಸರಿಬಂದ ಮೇಲೆಯೇ ಪೆಟ್ಟಿಗೆಗೆ ಹಾಕಿದರು. ಆದರೂ ನೂರೊಂದನೆಯದು ಹೇಗೋ ಏನೋ ಎಂಬ ಅಳುಕು ನನಗೆ ಅಂದಿನಿಂದಲೂ ಇದೆ.

ಮೊದಲು ಭೂಮಾಪನ ಕಚೇರಿಯಲ್ಲಿ ಹೊಲಗಳ ವಿಸ್ತೀರ್ಣ ಲೆಕ್ಕ ಹಾಕಿದೆ. ಹಳೆಯದಾದ ಮೇಲೆ ಗುಡ್ಡದ ಮೇಲಿನ ವೀಕ್ಷಣಾಲಯಕ್ಕೆ ಬಂದೆ. ಅಲ್ಲಿ ನನ್ನ ಹಿಡಿಕೆ ಹಿಡಿದವಳು ವನಮಾಲಾ. ಸಂಜೆ ಕಾಲೇಜಿನಲ್ಲಿ ಗಣಿತ ಓದಿದವಳು. ಪ್ರತಿ ಲೆಕ್ಕವನ್ನೂ ಎರಡು ಸಲ ಮಾಡುತ್ತಿದ್ದಳು. ನಮ್ಮಿಬ್ಬರಿಗೂ ಒಂದೇ ಕಾಯಿಲೆ.

ಒಂದು ಚಳಿಗಾಲದಲ್ಲಿ ನಮ್ಮವರು ಹೊಸ ಧೂಮಕೇತುವೊಂದನ್ನು ಕಂಡರು. ಕೆಲವೇ ದಿನಗಳಲ್ಲಿ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಗಲಿತ್ತು. ಅಷ್ಟರಲ್ಲಿ ಕಕ್ಷೆ ಸಿಗದಿದ್ದರೆ ಅದು ಮತ್ತೆ ಎಲ್ಲಿ ಕಾಣುವುದೆಂದು ಯಾರಿಗೂ ತಿಳಿಯದು. ಮೂರು ದಿನದ ಸ್ಥಾನಗಳಿಂದ ಕಕ್ಷೆ ಹಿಡಿದು, ನಾಲ್ಕನೆಯದರೊಂದಿಗೆ ತಾಳೆ ನೋಡಬೇಕಿತ್ತು. ಐದು ದಿನ ನನ್ನ ಹಿಡಿಕೆ ತಿರುಗಿತು. ತಾಳೆ ಬರಲಿಲ್ಲ.

"ಈ ಮುದಿ ಯಂತ್ರದ ಹಲ್ಲು ಸವೆದಿದೆ. ಗುಜರಿಗೆ ಹಾಕಮ್ಮ!" ಎಂದರು ಮುಖ್ಯಸ್ಥ ರಾಘೋತ್ತಮರಾಯರು.

ಇರಬಹುದು ಎಂದು ನಾನೂ ನಂಬಿಬಿಟ್ಟೆ.

"ಇದರ ತಪ್ಪಲ್ಲ ಸಾರ್. ಎಲ್ಲಾ ಲೆಕ್ಕಾನೂ ಕೈಯಲ್ಲೇ ಮಾಡಿ ನೋಡಿದೀನಿ," ಎಂದಳು ವನಮಾಲಾ. ಆಮೇಲೆ, ದೂರದರ್ಶಕದಲ್ಲಿ ಎರಡನೆಯ ಸ್ಥಾನ ಅಳೆದಿದ್ದ ಜೋಯಿಸರನ್ನು ಕರೆದಳು.

"ಜೋಯಿಸರೇ, ಇದು ಯಾವತ್ತು ನೋಡಿದ್ದು?"

"ಬರೆದಿದೀನಲ್ಲಮ್ಮ, ಸೋಮವಾರ. ಬೆಳಗಿನ ಜಾವ ನಾಲ್ಕೂವರೆ."

"ಭಾನುವಾರ ರಾತ್ರಿ ಕಳೆದ ಮೇಲಾ? ಸೋಮವಾರ ರಾತ್ರಿ ಕಳೆದ ಮೇಲಾ?"

"ಸೋಮವಾರದ್ದೇ! ಸೂರ್ಯ ಹುಟ್ಟದೆ ಮಂಗಳವಾರ ಹೆಂಗಾಗುತ್ತೆ?"

ವೀಕ್ಷಣಾಲಯದ ದಿನ ನಡುರಾತ್ರಿಗೇ ಬದಲಾಗುತ್ತದೆ. ಜೋಯಿಸರ ಮನೆಯ ಪಂಚಾಂಗದಲ್ಲಿ ಸೂರ್ಯೋದಯಕ್ಕೆ. ಮಂಗಳವಾರದ ನೋಟಕ್ಕೆ ಸೋಮವಾರದ ತಾರೀಕು ಬಿದ್ದು, ಲೆಕ್ಕದಲ್ಲಿ ಒಂದು ಇಡೀ ದಿನ ತಪ್ಪಿಹೋಗಿತ್ತು.

"ಅಯ್ಯೋ ಜೋಯಿಸರೇ, ಧೂಮಕೇತುವಿಗೂ ಒಂದು ಪಂಚಾಂಗ ಕೊಡಿಸಬೇಕಿತ್ತು!" ಎಂದು ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ವನಮಾಲಾ ತಾರೀಕು ತಿದ್ದಿ ಮತ್ತೆ ಹಿಡಿಕೆ ತಿರುಗಿಸಿದಳು. ನಾಲ್ಕನೆಯ ಸ್ಥಾನ ಅಚ್ಚುಕಟ್ಟಾಗಿ ಬಂದು ಕೂತಿತು. ಎಲ್ಲ ವೀಕ್ಷಣಾಲಯಗಳಿಗೂ ತಂತಿ ಹೋಯಿತು. ಎರಡು ತಿಂಗಳಾದ ಮೇಲೆ ಧೂಮಕೇತು ಅವಳು ಹೇಳಿದ ಜಾಗದಲ್ಲೇ ಕಾಣಿಸಿತು. ಜೋಯಿಸರು ಎಲ್ಲರಿಗೂ ಮೈಸೂರುಪಾಕು ಹಂಚಿದರು.

ಈಗ ನಾನು ಗಾಜಿನ ಕಪಾಟಿನಲ್ಲಿದ್ದೇನೆ. 'ಒಮ್ಮೆಯೂ ತಪ್ಪದ ಯಂತ್ರ' ಎಂದು ಚೀಟಿ ಅಂಟಿಸಿದ್ದಾರೆ. ಓದಿದಾಗಲೆಲ್ಲ ಸಂಕೋಚವಾಗುತ್ತದೆ. ತಾರೀಕು ತಿದ್ದಿ ಮಾಡಿದ ಆ ಕೊನೆಯ ಲೆಕ್ಕದಲ್ಲಿ ನನ್ನ ಒಂದು ಹಲ್ಲು ಜಾರಿತ್ತು. ವನಮಾಲಾ ತಕ್ಷಣ ಕಂಡುಕೊಂಡು, ಯಾರಿಗೂ ಹೇಳದೆ, ಹಿಡಿಕೆಯನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಸರಿಪಡಿಸಿ, ನನ್ನ ಬೆನ್ನು ತಟ್ಟಿದ್ದಳು.