ಸಪ್ನಾ ಓದಿದ ಸಾಲುಗಳು

ಉಗರಗೋಳದಲ್ಲಿ ಕುಂಕುಮ, ಅರಿಶಿನ ಭಂಡಾರದ ಅಂಗಡಿ ನಡೆಸುವ ಕೃಷ್ಣವ್ವ ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ಸವದತ್ತಿಯ ಟ್ರಸ್ಟೊಂದರ ಸಣ್ಣ ಮ್ಯೂಸಿಯಮ್ಮಿನಲ್ಲಿ ಪ್ರತಿ ಬುಧವಾರ ದೊಡ್ಡವರಿಗೆಂದೇ ಕ್ಲಾಸು ನಡೆಯುತ್ತಿತ್ತು. ಓದುಬರಹದ ಜೊತೆಗೆ ಹಳೆಯ ಶಾಸನ ಓದುವುದನ್ನೂ ಕಲಿಸುತ್ತಿದ್ದರು. ಅವಳನ್ನು ಅಲ್ಲಿಗೆ ಎಳೆದೊಯ್ದವಳು ಮಗಳು ಸಪ್ನಾ. ತಾಯಿ ಕಾಗುಣಿತ ತಿದ್ದುತ್ತಿದ್ದರೆ ಮಗಳು ಪಕ್ಕದ ಬೆಂಚಿನಲ್ಲಿ ವೀರಗಲ್ಲಿನ ಸಾಲು ಬಿಡಿಸಿ ಓದುತ್ತಿದ್ದಳು. ಪಾಠ ಹೇಳುವ ರೇಣು ಅಕ್ಕೋರು, ಕಲಿಯುವವರು ಓದಿದ್ದನ್ನೆಲ್ಲ ಅವರವರ ದನಿಯಲ್ಲೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಡುತ್ತಿದ್ದರು.

ಎರಡು ವರ್ಷದ ಹಿಂದೆ ಕಾಮಾಲೆಯಾಗಿ ಸಪ್ನಾ ತೀರಿಕೊಂಡಳು. ಕೃಷ್ಣವ್ವ ಮತ್ತೆ ಆ ಕಡೆ ಹಾಯಲಿಲ್ಲ. ಮನೆಯಲ್ಲಿ ಮಗಳ ಫೋಟೊಗಳಿದ್ದವು, ದನಿ ಇರಲಿಲ್ಲ. ಫೋನಿನಲ್ಲಿದ್ದದ್ದು ಫೋನಿನ ಜೊತೆಗೇ ಹಾಳಾಗಿತ್ತು. ಅಕ್ಕೋರ ಕಂಪ್ಯೂಟರಿನಾಗ ಐತಲ್ಲ, ಎದೆ ಗಟ್ಟಿಯಾದಾಗ ಹೋಗಿ ಕೇಳಿದರಾಯಿತು ಎಂದುಕೊಂಡೇ ದಿನ ನೂಕಿದಳು.

ಈ ಸಲ ಶ್ರಾವಣ ಮುಗಿದ ಮೇಲೆ ಹೋದಳು. ಕ್ಲಾಸಿನ ಕೋಣೆಯಲ್ಲಿ ಬೆಂಚುಗಳಿರಲಿಲ್ಲ. ಗೋಡೆತುಂಬ ದೊಡ್ಡದೊಂದು ಟೀವಿ. ರೇಣು ಅಕ್ಕೋರು ಬಾಗಿಲಲ್ಲಿ ಕೂತು ಟಿಕೆಟ್ ಹರಿಯುತ್ತಿದ್ದರು.

"ಕ್ಲಾಸ್ ಬಂದ್ ಆತ್ರಿ ಕೃಷ್ಣವ್ವಾರ. ಇನ್ನ ಮ್ಯಾಲೆ ಸಾಲಿ ಹುಡುಗರಿಗೆ ಅಷ್ಟ ಅಂದ್ರು ಟ್ರಸ್ಟಿನವರು."

"ಇರ್ಲಿ ಬಿಡ್ರಿ. ನನ್ನ ಮಗಳು ಓದಿದ್ದು ಒಮ್ಮಿ ಕೇಳಸ್ರಿ. ಅದಕ್ಕ ಬಂದೇನಿ."

ಅಕ್ಕೋರು ಟಿಕೆಟ್ ಪುಸ್ತಕ ಮುಚ್ಚಿದರು.

"ಆ ಕಂಪ್ಯೂಟರ್ ಗುಜರಿಗೆ ಹಾಕ್ಯಾರ್ರಿ. ನಾ ರಜಾದಾಗ ಇದ್ದೆ. ಹುಬ್ಬಳ್ಳಿ ತನಕ ಹೋಗಿ ಹುಡಕಿದೆ, ಸಿಗಲಿಲ್ಲ. ನಿಮಗ ಯಾವ ಬಾಯಿಲೆ ಹೇಳ್ಲಿ ಅಂತ ಸುಮ್ನ ಉಳದೆ."

ಕೃಷ್ಣವ್ವ ಅಲ್ಲೇ ಹೊಸ್ತಿಲ ಮೇಲೆ ಕೂತಳು.

"ಎಲ್ಲಾರದೂ ಹೋತೇನ್ರಿ?"

"ಹನ್ನೆರಡು ವರ್ಷದ್ದು. ಎಲ್ಲಾರದೂ."

"ಆಕಿ ಹೆಂಗ ಓದತಿದ್ಲು, ನಿಮಗರ ನೆನಪೈತೇನ್ರಿ?"

"ಗಡಿಬಿಡಿಲೆ ಓದತಿದ್ಲು. ತಪ್ಪಾದ್ರ ತಾನ ನಗತಿದ್ಲು."

ಆ ನಗೆಯನ್ನು ಕಿವಿಗೆ ತಂದುಕೊಳ್ಳಲು ಕೃಷ್ಣವ್ವ ಕಣ್ಣು ಮುಚ್ಚಿದಳು. ಮಗಳ ಮುಖ ಬಂತು, ಬಾಯಿ ತೆರೆದದ್ದೂ ಕಂಡಿತು. ಸದ್ದು ಬರಲಿಲ್ಲ. ಅಲ್ಲಿತನಕ ತಡೆದುಕೊಂಡ ಅಳು ಆಗ ಒಡೆಯಿತು. ಅಕ್ಕೋರೂ ಪಕ್ಕದಲ್ಲಿ ಕೂತು ಅತ್ತರು.

ಹೊರಡುವಾಗ ಅಕ್ಕೋರು, ನಮ್ಮ ಮನೆಯ ಪಡಸಾಲೆಯಲ್ಲೇ ಬುಧವಾರದ ಕ್ಲಾಸು ಮತ್ತೆ ಶುರು ಹಚ್ಚಿದ್ದೇನೆ, ಆರು ಮಂದಿ ಬರುತ್ತಾರೆ, ಬನ್ನಿ ಎಂದರು. ಕೃಷ್ಣವ್ವ "ಬರತೇನ್ರಿ" ಅಂದಳು. ಎರಡು ಬುಧವಾರ ಹೋಗಲಿಲ್ಲ. ಮೂರನೆಯದಕ್ಕೆ ಹೋದಳು.

ಅಕ್ಕೋರು ಪುಸ್ತಕ ಕೊಟ್ಟರೆ, "ಬ್ಯಾಡ್ರಿ, ಬರೇ ಕುಂದರತೇನಿ" ಎಂದಳು. ಮುನವಳ್ಳಿಯಿಂದ ಹೊಸದಾಗಿ ಬಂದಿದ್ದ ಸತ್ಯವ್ವ ಬೆರಳಿಟ್ಟು ತನ್ನ ಹೆಸರು ಓದುತ್ತಿದ್ದಳು. ಒತ್ತಕ್ಷರದಲ್ಲಿ ಎಡವಿ ತಾನೇ ನಕ್ಕಳು. ಕೃಷ್ಣವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಎದ್ದು ಹೋಗಲಿಲ್ಲ.