ವಂಶದ ಕೆಮ್ಮು

ಬಸ್ ಓಡಿಸುವ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಆ ದಿನ ಆಸ್ಪತ್ರೆಯಲ್ಲಿ ಮಾತ್ರ ಅದಕ್ಕೆ ಬೈಯಲು ಯಾರೂ ಸಿಗಲಿಲ್ಲ.

ಅವಳೂ ತಂಗಿಯೂ ಅವಳಿಗಳು. ಹೆತ್ತ ತಾಯಿಯೇ ಒಬ್ಬಳನ್ನು ಬೈಯಲು ಹೋಗಿ ಇನ್ನೊಬ್ಬಳನ್ನು ಬೈದದ್ದುಂಟು. ಅವಳಿಗಳ ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ವೈದ್ಯೆಯ ಬಳಿ ಇಬ್ಬರೂ ವರ್ಷಕ್ಕೊಮ್ಮೆ ಹೋಗಿ, ರಕ್ತ ಕೊಟ್ಟು, ಕೊಳವೆಯೊಂದರಲ್ಲಿ ಉಸಿರು ಊದಿ ಬರುತ್ತಿದ್ದರು. ಈ ಸಲ ಅಕ್ಕ ಊದಿದಾಗ ಪರದೆಯ ಮೇಲೆ ಗೆರೆ ಗುಡ್ಡದಂತೆ ಎದ್ದಿತು. ತಂಗಿಯದು ಅರ್ಧಕ್ಕೇ ಕುಸಿಯಿತು. ಅವಳು ಕೆಮ್ಮುತ್ತಲೇ ನಕ್ಕಳು. "ಹೊಟ್ಟೇಲಿದ್ದಾಗಲೇ ನನ್ನ ಪಾಲಿನ ಗಾಳೀನೂ ನೀನೇ ಹೊಡ್ಕೊಂಡ್ಬಿಟ್ಟಿದೀಯ ಕಣೇ."

ಅಕ್ಕ ನಗಲಿಲ್ಲ.

ತಂಗಿ ದೊಡ್ಡ ಬೇಕರಿಯೊಂದರಲ್ಲಿ ಮೈದಾ ಮೂಟೆ ಬಿಚ್ಚಿ ಜರಡಿಗೆ ಸುರಿಯುವವಳು. ಕೆಮ್ಮು ಬಿಡದಿದ್ದಾಗ ಬೇರೆ ಕೆಲಸ ಕೇಳಿದ್ದಳು. ನಿಮ್ಮಪ್ಪನೂ ಕೆಮ್ಮುತ್ತಿದ್ದನಲ್ಲ, ಇದು ವಂಶದ ಕಾಯಿಲೆ ಎಂದು ಯಜಮಾನ ಬಾಯಿ ಮುಚ್ಚಿಸಿದ್ದ. ಅವಳು ಅದನ್ನು ನಂಬಿಯೂ ಬಿಟ್ಟಿದ್ದಳು. ಕೆಮ್ಮಿಗೆಂದು ಹಾಕಿದ್ದ ನಾಲ್ಕು ದಿನದ ರಜೆ ಮುಗಿದ ಮೇಲೆ ಮತ್ತೆ ಜರಡಿ ಕೋಣೆಗೇ ಹೋಗುವವಳು. ಹೋದರೆ ಉಳಿದ ಉಸಿರೂ ಉಳಿಯಲಿಕ್ಕಿಲ್ಲ ಎಂದು ವೈದ್ಯೆ ಎಚ್ಚರಿಸಿದರು.

"ನಿಮ್ಮಿಬ್ಬರದೂ ಒಂದೇ ವಂಶ, ಒಂದೇ ಮನೆ, ಒಂದೇ ಊಟ. ಬೇರೆ ಇರೋದು ಆ ಧೂಳು. ನನಗೆ ಅದರ ಮೇಲೇ ಅನುಮಾನ. ಆದರೆ ಒಂದು ಜೋಡಿ ನೋಡಿ ಖಚಿತವಾಗಿ ಹೇಳೋಕಾಗಲ್ಲ, ನೂರಾರು ಜೋಡಿ ಬೇಕು."

ಅಕ್ಕನ ಮೈ ಉರಿಯಿತು. ನೂರಾರು ಜೋಡಿ ಕೂಡುವ ತನಕ ಇವಳು ಕೆಮ್ಮುತ್ತಾ ಕೂರಬೇಕೇ?

ರಜೆ ಮುಗಿದ ದಿನ ತಂಗಿ ಏಳುವ ಮೊದಲೇ ಅವಳು ಬೇಕರಿಗೆ ಹೋದಳು. ಬಾಗಿಲಲ್ಲೇ ಸಿಕ್ಕ ಯಜಮಾನನ ಮುಖ ಅರಳಿತು.

"ಬಂದ್ಯಾ? ನೋಡು, ನಾಲ್ಕು ದಿನ ಮಲಗಿದ್ದಕ್ಕೆ ಮುಖಕ್ಕೆ ಕಳೆ ಬಂದಿದೆ. ಕೆಮ್ಮೂ ಇಲ್ಲ. ಕೆಲಸದಿಂದ ಏನೂ ಆಗಲ್ಲ ಅಂತ ನಾನು ಹೇಳ್ಲಿಲ್ವಾ?"

"ಕೆಮ್ಮೋಳು ಮನೇಲಿದಾಳೆ," ಎಂದಳು ಅಕ್ಕ. "ನಾನು ಅವಳ ಜೊತೆ ಹುಟ್ಟಿದೋಳು. ಅದೇ ಅಪ್ಪನ ಮಗಳು. ನಿಮಗೇ ಗುರುತು ಸಿಗಲಿಲ್ಲ, ಅಷ್ಟು ಒಂದೇ. ಈಗ ಹೇಳಿ, ವಂಶದ ಕಾಯಿಲೆ ನನ್ನನ್ನ ಯಾಕೆ ಬಿಡ್ತು?"

ಯಜಮಾನ ತಲೆ ಕೆರೆದುಕೊಂಡ. ದನಿ ತಗ್ಗಿಸಿ, ಏಕವಚನ ಬಿಟ್ಟು, "ಆಯ್ತಮ್ಮ, ಅವರು ಮುಂದುಗಡೆ ಅಂಗಡೀಲಿ ಮಾರಾಟಕ್ಕೆ ನಿಂತ್ಕೊಳ್ಲಿ ಬಿಡಿ," ಎಂದ.

ಬಂದ ಕೆಲಸ ಆಗಿತ್ತು. ಆದರೆ ಅವನ ಹೆಗಲಾಚೆ ಜರಡಿ ಕೋಣೆಯ ಬಾಗಿಲು ತೆರೆದಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಅಲ್ಲಿ ಮೂಟೆ ಕೊಡವುತ್ತಿದ್ದಳು. ಹುಬ್ಬೆಲ್ಲ ಬೆಳ್ಳಗಾಗಿತ್ತು. ಬಟ್ಟೆಯೊಳಗೇ ಕೆಮ್ಮಿದಳು.

"ಬಂದು ಕೇಳೋಕೆ ಅವಳಿಗೂ ಒಬ್ಬಳು ಅವಳಿ ಇದಾಳಾ?" ಅಕ್ಕ ಕೇಳಿದಳು.

ಯಜಮಾನ ಆ ಬಾಗಿಲು ಎಳೆದುಕೊಂಡ.

ಅಕ್ಕ ಮನೆಗೆ ಹೋಗಲಿಲ್ಲ. ನೇರ ಆಸ್ಪತ್ರೆಗೆ ಹೋಗಿ ವೈದ್ಯೆಯ ಮೇಜಿನ ಮುಂದೆ ನಿಂತಳು.

"ಎಷ್ಟು ಜೋಡಿ ಕಮ್ಮಿ ಬಿದ್ದಿದೆ ಹೇಳಿ," ಎಂದಳು, ಜಗಳಕ್ಕೆ ಬಂದವಳ ದನಿಯಲ್ಲಿ. "ನಾನೂ ಹುಡುಕ್ತೀನಿ."